ನರ್ಸಬಾಯಿ ಹೇಳದೆ ಬಿಟ್ಟ ಮಾತು

ಅವರ ಎಡಹೆಗಲು ಬಲಹೆಗಲಿಗಿಂತ ಎರಡು ಬೆರಳಷ್ಟು ಕೆಳಗಿತ್ತು. ಲಸಿಕೆಯ ನೀಲಿ ಪೆಟ್ಟಿಗೆಯನ್ನು ವರ್ಷಗಟ್ಟಲೆ ಅದೊಂದೇ ಹೆಗಲಿಗೆ ನೇತುಹಾಕಿಕೊಂಡು ನಡೆದು ಹಾಗಾಗಿತ್ತು. ಪೆಟ್ಟಿಗೆ ಇಲ್ಲದ ದಿನವೂ ಅವರು ಹಾಗೇ ಎಡಕ್ಕೆ ವಾಲಿ ನಡೆಯುತ್ತಿದ್ದರು. ಬಬಲೇಶ್ವರದ ಬಸ್ಸಿನಿಂದ ಇಳಿದ ಗುಂಪಿನಲ್ಲಿ ಮುಖ ಕಾಣದಿದ್ದರೂ, ಆ ವಾಲಿದ ನಡಿಗೆ ಕಂಡರೆ ಸಾಕು, ಕಟ್ಟೆಯ ಮೇಲೆ ಕೂತವರು “ನರ್ಸಬಾಯಿ ಬಂದ್ರ್ ನೋಡ್ರಿ” ಅನ್ನುತ್ತಿದ್ದರು.

ನಾನು ಕಾಖಂಡಕಿಯ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದಾಗ ಸಿಕ್ಕ ಬಾಡಿಗೆ ಮನೆ ಆರೋಗ್ಯ ಉಪಕೇಂದ್ರಕ್ಕೆ ಅಂಟಿಕೊಂಡಿತ್ತು. ಕೇಂದ್ರದ ಹಿಂದಿನ ಎರಡು ಕೋಣೆಗಳಲ್ಲಿ ಅವರ ವಾಸ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳನ್ನು ವಿಜಯಪುರಕ್ಕೆ ಕೊಟ್ಟಿದ್ದರು. ಗುರುವಾರ ಲಸಿಕೆಯ ದಿನ. ಅವತ್ತು ನಮ್ಮ ಗೋಡೆಯಾಚೆ ಕೂಸುಗಳ ಅಳು, ತಾಯಂದಿರ ಗದ್ದಲ, ನಡುವೆ ಅವರ ದನಿ.

ಸೂಜಿ ಚುಚ್ಚುವ ಮುಂಚೆ ಅವರು ಒಮ್ಮೆಯಾದರೂ “ನೋಯೂದಿಲ್ಲ” ಅಂದದ್ದನ್ನು ನಾನು ಕೇಳಿಲ್ಲ.

“ನೋಯ್ತೈತಿ ಯಪ್ಪಾ. ಹತ್ತು ಎಣಸೂದ್ರಾಗ ಮುಗಿತೈತಿ. ನೀ ಎಣಸು, ನಾ ಚುಚ್ತೇನಿ.”

ಮಾತು ಬಾರದ ಕೂಸುಗಳ ಪರವಾಗಿ ಅವರೇ ಎಣಿಸುತ್ತಿದ್ದರು. ಮೂರು ನಾಲ್ಕಕ್ಕೆ ಅಳು ಶುರುವಾದರೂ ಬಿಡದೆ ಹತ್ತರವರೆಗೆ ಮುಗಿಸುತ್ತಿದ್ದರು. ಒಮ್ಮೆ ನನ್ನ ಹೆಂಡತಿ, “ನೋಯೂದಿಲ್ಲ ಅಂತ ಹೇಳಿಬಿಟ್ರ ಹುಡುಗ್ರು ಸುಮ್ಮ ಕುಂದ್ರತಾವಲ್ರಿ?” ಎಂದು ಕೇಳಿದಳು. “ಸುಳ್ಳ ಹೇಳಿ ಚುಚ್ಚಿದ್ರ ಮುಂದಿನ ಸಲ ನನ್ನ ನೋಡಿದ ಕೂಡ್ಲೆ ಓಡ್ತಾವ ತಂಗಿ. ಖರೇ ಹೇಳಿದ್ರ ಅಳ್ತಾವ, ಆದ್ರ ಬರ್ತಾವ,” ಅಂದರು.

ಚುಚ್ಚಿದ ಮೇಲೆ ಅರ್ಧ ತಾಸು ತಾಯಂದಿರನ್ನು ಅಲ್ಲೇ ಕೂರಿಸಿಕೊಳ್ಳುತ್ತಿದ್ದರು. ಕೂಸಿಗೆ ಏನಾದರೂ ಆಗುತ್ತದೋ ನೋಡಬೇಕೆಂಬುದು ನಿಯಮ. ಆ ಅರ್ಧ ತಾಸಿನಲ್ಲಿ ಊರಿನ ಹೆಂಗಸರು ಬೇರೆಲ್ಲೂ ಆಡದ ಮಾತುಗಳನ್ನು ಅವರ ಮುಂದೆ ಆಡುತ್ತಿದ್ದರು. ದನಿ ಇಳಿದು ಪಿಸುಮಾತಾಗುತ್ತಿತ್ತು. ಆಗ ನನ್ನ ಹೆಂಡತಿ ನಮ್ಮ ಮನೆಯ ರೇಡಿಯೋ ಹಚ್ಚುತ್ತಿದ್ದಳು, ಗೋಡೆ ತೆಳು ಎಂದು.

ನನ್ನ ಮಗಳಿಗೆ ಒಂದೂವರೆ ವರ್ಷದ ಚುಚ್ಚುಮದ್ದು ಹಾಕಿದ ಮಾರನೆಯ ನಸುಕಿನಲ್ಲಿ ಮೈ ಕೆಂಡವಾಯಿತು. ನಾನು ಅವರ ಬಾಗಿಲು ಬಡಿದು, “ಏನ ಹಾಕೀರಿ ಅದಕ?” ಎಂದು ಕೂಗಾಡಿದೆ. ಅವರು ಸೆರಗು ಸರಿಮಾಡಿಕೊಂಡು ಬಂದು ಕೂಸಿನ ಹಣೆ ಮುಟ್ಟಿ ನೋಡಿದರು. “ಜ್ವರಾ ಬರಬಹುದು ಅಂತ ನಿನ್ನೆ ಹೇಳಿದ್ದೆ ಸರ್. ಆದ್ರೂ ಅಂಜಿಕಿ ಆಗೂದ. ನಾ ಇಲ್ಲೇ ಕುಂದ್ರತೇನಿ,” ಎಂದು ಹೊಸ್ತಿಲ ಬಳಿ ಕೂತರು. ಒದ್ದೆ ಬಟ್ಟೆ ಹಿಂಡುತ್ತ, ಬಿಸಿಲು ಅಂಗಳಕ್ಕೆ ಇಳಿಯುವವರೆಗೂ ಕೂತಿದ್ದರು. ಜ್ವರ ಇಳಿಯಿತು. ಕೂಗಾಡಿದ್ದಕ್ಕೆ ನಾನು ಕ್ಷಮೆ ಕೇಳಲಿಲ್ಲ, ಅವರು ಅದನ್ನು ನೆನಪಿಟ್ಟುಕೊಂಡಂತೆಯೂ ಕಾಣಲಿಲ್ಲ.

ಅವರು ಮಮದಾಪುರದ ಕಡೆಯ, ಬೌದ್ಧ ಧರ್ಮ ಸ್ವೀಕರಿಸಿದ ದಲಿತ ಮನೆತನದವರು. ಕೋಣೆಯ ಗೂಡಿನಲ್ಲಿ ಬುದ್ಧನ ಅಂಗೈಯಗಲದ ಮೂರ್ತಿ ಇತ್ತು. ಊರಿನ ಕೆಲವು ಮನೆಗಳಲ್ಲಿ ಹಸುಗೂಸನ್ನು ಅವರ ಕೈಗೆ ಕೊಡುತ್ತಿದ್ದರು, ಕುಡಿಯುವ ನೀರಿನ ತಂಬಿಗೆ ಕೊಡುತ್ತಿರಲಿಲ್ಲ. ಅವರ ಚೀಲದಲ್ಲಿ ಯಾವಾಗಲೂ ತಮ್ಮದೇ ನೀರಿನ ಬಾಟಲಿ. ಇದು ನನಗೆ ಗೊತ್ತಿತ್ತು. ಆ ಮನೆಗಳಲ್ಲಿ ನಾನು ಕೂತು ಚಹಾ ಕುಡಿಯುತ್ತಿದ್ದೆ. ಒಂದು ಮಾತೂ ಆಡಲಿಲ್ಲ.

ಆಮೇಲೆ ಕೊರೊನಾ ಬಂತು. ಮೊದಲ ವರ್ಷ ಹೇಗೋ ಕಳೆಯಿತು. ಹೊಸ ಲಸಿಕೆ ಬಂದಿದೆಯೆಂಬ ಸುದ್ದಿಯ ಜೊತೆಗೇ ಅದರ ಬಗ್ಗೆ ನೂರೆಂಟು ಮಾತುಗಳೂ ಬಂದವು. ಮಕ್ಕಳಾಗುವುದಿಲ್ಲವಂತೆ, ಎರಡು ವರ್ಷಕ್ಕೆ ಸಾಯುತ್ತಾರಂತೆ, ನಮ್ಮ ಮೇಲೆ ಪರೀಕ್ಷೆ ಮಾಡುತ್ತಿದ್ದಾರಂತೆ. ಇವನ್ನೆಲ್ಲ ನಾನು ನಂಬುವವನಲ್ಲ. ಆದರೆ ನನಗೂ ಒಂದು ಅನುಮಾನವಿತ್ತು. ವರ್ಷಗಟ್ಟಲೆ ಹಿಡಿಯುವ ಕೆಲಸ ಇಷ್ಟು ಬೇಗ ಹೇಗೆ ಮುಗಿಯಿತು? ಅದು ಕೇಳಬೇಕಾದ ಪ್ರಶ್ನೆಯೇ ಆಗಿತ್ತು ಎಂದು ಈಗಲೂ ಅನಿಸುತ್ತದೆ. ನಾನು ಅದನ್ನು ಕೇಳಿದ ಜಾಗ ಮಾತ್ರ ಬಸ್ ಸ್ಟ್ಯಾಂಡಿನ ಚಹಾದಂಗಡಿ, ಉತ್ತರ ಕೊಡಬಲ್ಲವರು ಒಬ್ಬರೂ ಇಲ್ಲದ ಕಡೆ.

ಆ ಅಂಗಡಿಯವನು ನನಗೆ ಬೇಕಾದವನು. ಐವತ್ತರ ಆಸುಪಾಸು, ದಪ್ಪ ಮೈ, ಸಕ್ಕರೆ ಕಾಯಿಲೆ ಇದ್ದರೂ ಚಹಾಕ್ಕೆ ಸಕ್ಕರೆ ಬಿಡದವನು. ಅವನ ಇಬ್ಬರು ಮಕ್ಕಳೂ ನನ್ನ ವಿದ್ಯಾರ್ಥಿಗಳು. ಶಿವರಾತ್ರಿಯ ಸುಮಾರಿಗೆ ಒಂದು ದಿನ ಅವನು ಬೆಂಚಿನ ಮೇಲಿದ್ದ ಎಲ್ಲರ ಎದುರು ಕೇಳಿದ: “ಸರ್, ನೀವು ವಿಜ್ಞಾನ ಓದಿದವ್ರು. ಈ ಸೂಜಿ ತಗೋಬೇಕೋ ಬ್ಯಾಡೋ, ಒಂದ ಮಾತ ಹೇಳ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಆ ತಿರುಗುವಿಕೆ ನನಗೆ ಹಿತವಾಯಿತು. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ? ತರಗತಿಯಲ್ಲಿ ಹುಡುಗರು ಕಿಟಕಿಯ ಹೊರಗೆ ನೋಡುತ್ತಾರೆ. ಇಲ್ಲಿ ಎಂಟು ಹತ್ತು ಜನ ಗ್ಲಾಸು ಕೈಯಲ್ಲೇ ಹಿಡಿದು ನನ್ನ ಬಾಯಿ ನೋಡುತ್ತಿದ್ದರು.

“ಅವಸರದ ಅಡಗಿ ಅದು,” ಅಂದೆ. “ಬೆಂದೈತೋ ಇಲ್ಲೋ ಯಾರಿಗೆ ಗೊತ್ತು? ಮೊದಲ ಪಂಕ್ತಿಗೆ ಕುಂದ್ರವ್ರು ಕುಂದರ್ಲಿ. ನಾ ಅಂತೂ ಒಂದ ವರ್ಷ ದಾರಿ ನೋಡ್ತೇನಿ.”

ಎಲ್ಲರೂ ನಕ್ಕರು. ಅಂಗಡಿಯವನು, “ಇದನ್ನ ಸ್ವಲ್ಪ ಮೊಬೈಲಿನ್ಯಾಗ ಹೇಳ್ರಿ ಸರ್, ನಮ್ಮ ಮಂದಿಗೆ ಕಳಸ್ತೇನಿ,” ಎಂದು ಫೋನು ಮುಂದೆ ಹಿಡಿದ. ನಾನು ಗಂಟಲು ಸರಿಮಾಡಿಕೊಂಡು, ಇನ್ನಷ್ಟು ಚಂದಗಾಣಿಸಿ, ‘ಒಬ್ಬ ವಿಜ್ಞಾನ ಶಿಕ್ಷಕನಾಗಿ ಹೇಳ್ತೇನಿ’ ಎಂದು ಸೇರಿಸಿ ಮತ್ತೊಮ್ಮೆ ಹೇಳಿದೆ. ನಾಲ್ಕನೇ ದಿನ ತಿಕೋಟಾದಿಂದ ನನ್ನ ತಂಗಿಯ ಫೋನು ಬಂತು. “ಅಣ್ಣಾ, ನಿನ್ನ ಮಾತು ನಮ್ಮ ಓಣ್ಯಾಗೆಲ್ಲ ಓಡಾಡಾಕತ್ತೈತಿ!” ಅವಳಿಗೆ ಹೆಮ್ಮೆ. ನನಗೂ.

ಆ ಸಂಜೆಯೇ ನರ್ಸಬಾಯಿ ನಮ್ಮ ಮನೆಗೆ ಬಂದರು. ಕೂರಿ ಅಂದರೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

“ನಿಮ್ಮ ದನಿ ಕೇಳಿದೆ ಸರ್.”

ನಾನು ವಾದಕ್ಕೆ ಸಿದ್ಧನಾದೆ. ಅವರು ವಾದ ಮಾಡಲಿಲ್ಲ.

“ನೀವು ಕೇಳಿದ್ದು ಕೆಟ್ಟ ಪ್ರಶ್ನೆ ಅಲ್ಲ. ನನಗೂ ಅದ ಪ್ರಶ್ನೆ ಇತ್ತು. ನಮಗ ಮೊದಲ ಚುಚ್ಚಿದ್ರಲ್ಲ, ಹಿಂದಿನ ದಿನ ನನಗೂ ಊಟಾ ಸೇರಲಿಲ್ಲ. ಎರಡ ದಿನ ಜ್ವರಾ ಬಂತು, ಮೈ ಕೈ ಹಿಡಕೊಂಡ್ವು. ಅದನ್ನ ಮಂದಿಗೆ ಹೇಳ್ತೇನಿ, ಮುಚ್ಚಿಡಂಗಿಲ್ಲ. ಆದ್ರ ನನ್ನ ಪ್ರಶ್ನೆ ನಾ ಬಬಲೇಶ್ವರದ ಡಾಕ್ಟರ್‌ನ್ನ ಕೇಳಿದೆ. ನೀವು ಯಾರನ್ನ ಕೇಳಿದ್ರಿ?”

ನಾನು ಮೇಜಿನ ಮೇಲಿನ ಪುಸ್ತಕ ಸರಿಸಿಟ್ಟೆ.

“ಸೋಮವಾರ ಅಲ್ಲೆ ಡಾಕ್ಟರು ಮಂದಿ ಜೋಡಿ ಮಾತಾಡ್ತಾರ. ಬರ್ರಿ. ಎಲ್ಲಾರ ಮುಂದ ಇದನ್ನ ಕೇಳ್ರಿ. ಅವರು ಹೇಳಿದ್ದು ನಿಮಗ ಖರೇ ಅನಸದಿದ್ರ ಆವಾಗ ಬ್ಯಾಡ ಅನ್ರಿ, ನಾ ಏನೂ ಅನ್ನಂಗಿಲ್ಲ.”

ನಾನು ಸೋಮವಾರ ಹೋಗಲಿಲ್ಲ. ಉತ್ತರ ಸಿಕ್ಕಿಬಿಟ್ಟರೆ ಚಹಾದಂಗಡಿಯಲ್ಲಿ ನಾನು ಏನು ಮಾತಾಡಬೇಕು?

ಯುಗಾದಿ ಮುಗಿಯುತ್ತಿದ್ದಂತೆ ಎರಡನೇ ಅಲೆ ವಿಜಯಪುರಕ್ಕೆ ಅಪ್ಪಳಿಸಿತು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮಣ್ಣನ ಮನೆ. ಅಮ್ಮ ಅಲ್ಲೇ ಇದ್ದಳು. ಅಣ್ಣನ ನೆರೆಮನೆಯ ಬಟ್ಟೆ ವ್ಯಾಪಾರಿ ಆಸ್ಪತ್ರೆಗೆ ನಡೆದುಕೊಂಡು ಹೋದವನು ವಾಪಸು ಬರಲಿಲ್ಲ. ಅದೇ ವಾರ ಅದೇ ಓಣಿಯಲ್ಲಿ ಇನ್ನೂ ಒಬ್ಬರು ಹೋದರು. ಅಣ್ಣ ಫೋನಿನಲ್ಲಿ ಅತ್ತುಬಿಟ್ಟ. “ಅವ್ವನ್ನ ಕರಕೊಂಡ ಹೋಗಿ ಚುಚ್ಚಿಸ್ಬೇಕು. ನೀನೂ ಬಾ. ಆ ನಿನ್ನ ಶಾಣ್ಯಾತನ ಕಟ್ಟಿಡು.”

ಹೋದೆ. ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಅಮ್ಮನಿಗೆ ಮಾತ್ರೆ ಕೊಡಿಸಬೇಕೆಂದು ಹೇಳಿ ಬೆಳಗಿನ ಬಸ್ಸು ಹತ್ತಿದೆ. ಗುಡಿಯ ಸಮೀಪ ಒಂದು ಸಾಲೆಯ ದೊಡ್ಡ ಕೋಣೆಯಲ್ಲಿ ಲಸಿಕೆ ಹಾಕುತ್ತಿದ್ದರು. ಮುಖದ ಮೇಲಿನ ಮಾಸ್ಕಿನ ಮೇಲೆ ಒಂದು ಟವೆಲ್ಲನ್ನೂ ಸುತ್ತಿಕೊಂಡು ಸರದಿಯಲ್ಲಿ ನಿಂತೆ. ಅಮ್ಮನದು ಆಯಿತು, ಅಣ್ಣನದು ಆಯಿತು. ನನ್ನ ಸರದಿ ಬಂದು ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಚಿ ತಲೆಯೆತ್ತಿದರೆ, ಎದುರಿಗೆ ಸಿರಿಂಜು ಹಿಡಿದು ನಿಂತಿದ್ದವರು ನರ್ಸಬಾಯಿ. ಸಿಬ್ಬಂದಿ ಸಾಲದೆ ಹಳ್ಳಿಗಳ ನರ್ಸುಗಳನ್ನು ಪಟ್ಟಣಕ್ಕೆ ಕರೆಸಿಕೊಂಡಿದ್ದರು. ನನಗೆ ಅದು ಗೊತ್ತಿರಲಿಲ್ಲ.

ಅವರು ನನ್ನ ಕಣ್ಣುಗಳನ್ನೇ ಒಂದು ಕ್ಷಣ ನೋಡಿದರು. ಟವೆಲ್ಲು ಏನನ್ನೂ ಮುಚ್ಚಿರಲಿಲ್ಲ.

“ನೋಯ್ತೈತಿ. ಹತ್ತು ಎಣಸ್ರಿ,” ಅಂದರು.

ನನ್ನಿಂದ ‘ಒಂದು’ ಎನ್ನಲೂ ಆಗಲಿಲ್ಲ. ಅವರೇ ಮೆಲ್ಲಗೆ, ಕೂಸುಗಳಿಗೆ ಎಣಿಸುವಂತೆ, ಹತ್ತರವರೆಗೆ ಎಣಿಸಿ ಹತ್ತಿ ಒತ್ತಿದರು. “ಅರ್ಧಾ ತಾಸು ಆ ಕಡೆ ಕುಂದ್ರಿ.”

ಅರ್ಧ ತಾಸು ಮುಗಿಯುವ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ನನ್ನ ಬಳಿ ಬಂದರು. ಅಣ್ಣ, ಅಮ್ಮ ಹೊರಗೆ ಹೋಗಿದ್ದರು. ನಾನು ಏನೋ ಸಮಜಾಯಿಷಿ ಶುರುಮಾಡಿದೆ, ಅಮ್ಮನ ಒತ್ತಾಯ ಎಂದೇನೋ. ಅವರು ಕೈಯೆತ್ತಿ ತಡೆದರು.

“ಛಲೋ ಮಾಡಿದ್ರಿ ಸರ್. ನಾಳೆ ನಮ್ಮೂರಾಗ ಕ್ಯಾಂಪ್ ಐತಿ. ಇಲ್ಲಿತನಕ ಬೆರಳೆಣಿಕಿಯಷ್ಟ ಮಂದಿ ಬಂದಾರ. ನೀವು ಬಂದು ನನ್ನ ಬಾಜೂಕ ಕುಂತ್ರ ಸಾಕು. ಭಾಷಣಾ ಬ್ಯಾಡ. ‘ನಾ ಚುಚ್ಚಿಸ್ಕೊಂಡೇನಿ’ ಅಂತ ಒಂದ ಮಾತು.”

“ಬರ್ತೇನ್ರಿ,” ಅಂದೆ.

ಆ ಸಂಜೆ ಊರಿಗೆ ಮರಳಿದೆ. ಮಾರನೆಯ ಬೆಳಿಗ್ಗೆ ನನಗೆ ಸ್ವಲ್ಪ ಮೈ ಬಿಸಿಯಿತ್ತು. ಎದ್ದು ಓಡಾಡಲಾಗದಷ್ಟೇನಲ್ಲ. ಸ್ನಾನ ಮಾಡಿದೆ, ರೊಟ್ಟಿ ತಿಂದೆ. ಹತ್ತಕ್ಕೆ ಅಂಗಿ ಹಾಕಿಕೊಂಡೆ, ಹನ್ನೊಂದಕ್ಕೆ ಬಿಚ್ಚಿದೆ. ಹೆಂಡತಿ “ಹೋಗ್ರಲ್ಲ” ಅಂದಾಗ “ಜ್ವರ ಐತಿ” ಎಂದು ಗೋಡೆಯ ಕಡೆ ತಿರುಗಿ ಮಲಗಿದೆ. ಕ್ಯಾಂಪು ನಡೆಯುತ್ತಿದ್ದ ಗುಡಿಯ ಕಟ್ಟೆ ನಮ್ಮ ಮನೆಯಿಂದ ಇನ್ನೂರು ಹೆಜ್ಜೆ ಕೂಡ ಇರಲಿಲ್ಲ.

ಅಲ್ಲಿ ಆದದ್ದನ್ನು ಅವರ ಜೊತೆಗಿದ್ದ ಆಶಾ ಕಾರ್ಯಕರ್ತೆ ಸಂಜೆ ನನ್ನ ಹೆಂಡತಿಗೆ ಹೇಳುತ್ತಿದ್ದಳು, ಒಳಗಿನಿಂದ ಕೇಳಿಸಿಕೊಂಡೆ. ಮಧ್ಯಾಹ್ನದವರೆಗೆ ಕಟ್ಟೆಗೆ ಯಾರೂ ಬರದಿದ್ದಕ್ಕೆ ನರ್ಸಬಾಯಿ ಪೆಟ್ಟಿಗೆ ಹೊತ್ತು ಮನೆಮನೆಗೆ ಹೊರಟರಂತೆ. ಚಹಾದಂಗಡಿಯವನ ಮನೆಯ ಮುಂದೆ ಜನ ಸೇರಿತು. ಅವನು ಫೋನು ಹೊರತೆಗೆದು, ದನಿ ದೊಡ್ಡದು ಮಾಡಿ, ನನ್ನ ಮಾತನ್ನು ಅವರ ಮುಖದ ಮುಂದೆ ಹಚ್ಚಿದನಂತೆ.

“ಕೇಳ್ರಿ ಇದನ್ನ. ಕಲಿತವ್ರ ಬ್ಯಾಡ ಅಂತಾರ. ಸರ್ ಸುಳ್ಳ ಹೇಳ್ತಾರೇನ್ರಿ? ನಮ್ಮನ್ನ ಕೊಲ್ಲಾಕ ಬಂದೀರೇನ?”

ಗುಂಪಿನಲ್ಲಿ ಯಾರೋ ಅವರ ಜಾತಿ ಹಿಡಿದು ಒಂದು ಮಾತು ಎಸೆದರಂತೆ. ಇನ್ಯಾರೋ ಪೆಟ್ಟಿಗೆಯ ಪಟ್ಟಿ ಹಿಡಿದು ಎಳೆದರಂತೆ. ಪೆಟ್ಟಿಗೆ ಕಲ್ಲಿನ ಮೇಲೆ ಬಿದ್ದು ಬಾಯಿ ತೆರೆಯಿತು.

“ನರ್ಸಬಾಯಿ ಏನಂದ್ರು?” ನನ್ನ ಹೆಂಡತಿ ಕೇಳಿದಳು.

“ಏನ ಅಂತಾರ ಅಕ್ಕಾರ, ಆ ದನಿ ಮುಗಿಯೂತನಕ ಕೇಳಿದ್ರು. ಆಮ್ಯಾಲೆ ಬಗ್ಗಿ ಒಂದೊಂದ ಸೀಸೆ ಸೆರಗಿನ್ಯಾಗ ಆರಿಸ್ಕೊಂಡ್ರು. ‘ನಿಮಗ ಬ್ಯಾಡಂದ್ರ ಬ್ಯಾಡ ಯಪ್ಪಾ. ಮನಸ್ಸ ಬದಲಾದ್ರ ನನ್ನ ಬಾಗಿಲು ಬಡೀರಿ’ ಅಂದು ಬಂದ್ರು. ಅಷ್ಟ.”

ನಾನು ಹಾಸಿಗೆಯ ಮೇಲೆ ಎದ್ದು ಕೂತೆ. ‘ನಿಮ್ಮ ಸರ್ ನಿನ್ನೆ ನನ್ನ ಕೈಲೆ ಚುಚ್ಚಿಸ್ಕೊಂಡ ಬಂದಾರ’ ಅಂದಿದ್ದರೆ ಆ ಫೋನು ಅಲ್ಲೇ ಬಂದ್ ಆಗುತ್ತಿತ್ತು. ಇಡೀ ಗುಂಪು ನಮ್ಮ ಮನೆಗೆ ಬರುತ್ತಿತ್ತು. ಅವರು ಅದನ್ನು ಹೇಳಿರಲಿಲ್ಲ. ಆ ಹೊತ್ತಿನಲ್ಲಿ ನನಗೆ ಮೊದಲು ಅನಿಸಿದ್ದು, ಬರೆಯಲು ಕೈ ಹಿಂಜರಿಯುತ್ತದೆ, ನೆಮ್ಮದಿ. ನಾಚಿಕೆ ಬಂದದ್ದು ಆಮೇಲೆ.

ಕಾರಹುಣ್ಣಿಮೆಗೆ ಇನ್ನೂ ಸ್ವಲ್ಪ ದಿನವಿತ್ತು, ಚಹಾದಂಗಡಿಯವನಿಗೆ ಕೆಮ್ಮು ಹತ್ತಿತು. ಮೂರನೇ ದಿನ ಉಸಿರು ಸಾಲದಾಯಿತು. ಅವನ ಹೆಂಡತಿ ಬಡಿದದ್ದು ನರ್ಸಬಾಯಿಯ ಬಾಗಿಲನ್ನೇ. ಅವರು ಒಂದು ಟೆಂಪೋ ಹಿಡಿಸಿ, ತಾವೇ ಹಿಂದೆ ಅವನ ತಲೆ ಎತ್ತಿಹಿಡಿದು ಕೂತು, ವಿಜಯಪುರಕ್ಕೆ ಕರೆದೊಯ್ದರು. ಹಾಸಿಗೆ ಸಿಗುವವರೆಗೆ ಆಸ್ಪತ್ರೆಯ ಅಂಗಳದಲ್ಲಿ ಅವನ ಪಕ್ಕವೇ ನೆಲದ ಮೇಲಿದ್ದರಂತೆ. ಹಾಸಿಗೆ ಸಿಕ್ಕಿತು. ಆರು ದಿನ ಇದ್ದ. ಏಳನೆಯ ದಿನ ತೀರಿಕೊಂಡ.

ಅವನು ಸತ್ತ ಮೇಲೆ ಊರು ತಾನಾಗಿಯೇ ಗುಡಿಕಟ್ಟೆಗೆ ಬಂದು ಲಸಿಕೆಗೆ ಸಾಲು ನಿಂತಿತು. ನಾನು ಒಂದು ಸಂಜೆ ನರ್ಸಬಾಯಿಯ ಕೋಣೆಗೆ ಹೋದೆ. ಅವರು ನೆಲದ ಮೇಲೆ ಕೂತು ಪುಂಡಿಪಲ್ಯದ ಸೊಪ್ಪು ಬಿಡಿಸುತ್ತಿದ್ದರು. ನಾನು ನೇರವಾಗಿ ಕೇಳಿದೆ: “ನಾನು ಅವನನ್ನ ಕೊಂದೆನೇನ್ರಿ?”

ಅವರು ಸೊಪ್ಪು ಬಿಟ್ಟು ಯೋಚಿಸಿದರು. ಸಮಾಧಾನದ ಮಾತು ಬರುತ್ತದೆಂದು ನಾನು ಕಾಯುತ್ತಿದ್ದೆ.

“ಚುಚ್ಚಿಸ್ಕೊಂಡಿದ್ರ ಖಾತ್ರಿ ಉಳೀತಿದ್ದ ಅಂತ ನಾ ಹೇಳಾಕ ಬರಂಗಿಲ್ಲ ಸರ್. ಇಲ್ಲ ಅಂತನೂ ಹೇಳಾಕ ಬರಂಗಿಲ್ಲ. ಅವನು ನಿಮ್ಮ ಮಾತ ನಂಬಿದ್ದ. ನೀವ ನಂಬಿರಲಿಲ್ಲ. ಅಷ್ಟ ನನಗ ಗೊತ್ತು.”

“ಅವತ್ತ ನೀವು ಯಾಕ ಹೇಳಲಿಲ್ಲ? ಒಂದ ಮಾತ ಹೇಳಿದ್ರ ಸಾಕಾಗಿತ್ತು.”

“ಯಾರು ಚುಚ್ಚಿಸ್ಕೊಂಡ್ರು, ಯಾರು ಬಸರಾದ್ರು, ಯಾರು ಬಸರ ತಗಸ್ಕೊಂಡ್ರು, ಈ ಊರಿನ ಎಷ್ಟ ಹೆಣ್ಮಕ್ಕಳ ಮಾತು ನನ್ನ ಹೊಟ್ಯಾಗ ಅದಾವ. ಸಿಟ್ಟು ಬಂತಂತ ನಿಮ್ಮದೊಂದ ಹೊರಗ ಹಾಕಿದ್ರ ನಾಳೆ ಅವರು ನನ್ನ ಮುಂದ ಬಾಯಿ ತಗೀತಾರೇನು?” ಮತ್ತೆ ಸೊಪ್ಪು ಕೈಗೆತ್ತಿಕೊಂಡರು. “ಅದನ್ನ ಹೇಳೂದು ನನ್ನ ಕೆಲಸ ಅಲ್ಲ, ನಿಮ್ಮದಿತ್ತು. ಈಗೂ ನಿಮ್ಮದ ಐತಿ.”

ಅವರ ದನಿಯಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮನೆಗೆ ಬಂದು ಸಾಲೆಯ ಪಾಲಕರ ಮೊಬೈಲ್ ಗುಂಪಿಗೆ ಇನ್ನೊಂದು ದನಿ ಕಳಿಸಿದೆ. ‘ಎಲ್ಲರೂ ತಪ್ಪದೆ ಲಸಿಕೆ ಹಾಕಿಸಿಕೊಳ್ಳಬೇಕು’ ಎಂದು ಅಚ್ಚುಕಟ್ಟಾಗಿ ಹೇಳಿದೆ. ನಾನು ಯಾವಾಗ ಹಾಕಿಸಿಕೊಂಡೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅದು ತಿಕೋಟಾ ತಲುಪಲಿಲ್ಲ. ಗುಂಪಿನಲ್ಲಿ ಇಬ್ಬರು ಹೆಬ್ಬೆರಳು ತೋರಿಸಿದರು, ಅಷ್ಟೇ.

ಚಹಾದಂಗಡಿಯನ್ನು ಅವನ ಹೆಂಡತಿ ನಡೆಸತೊಡಗಿದಳು. ಮಕ್ಕಳ ಮೇಷ್ಟ್ರೆಂದು ನನ್ನ ಚಹಾಕ್ಕೆ ಒಂದಿಷ್ಟು ಹೆಚ್ಚು ಹಸಿಶುಂಠಿ ಜಜ್ಜಿ ಹಾಕುತ್ತಿದ್ದಳು. ನಾನು ದಿನವೂ ಕುಡಿದೆ. ದಿನವೂ ಹೇಳಬೇಕೆಂದುಕೊಂಡೆ, ದಿನವೂ ಬೆಂಚಿನ ಮೇಲೆ ಯಾರಾದರೂ ಇರುತ್ತಿದ್ದರು.

ನರ್ಸಬಾಯಿ ನಿವೃತ್ತರಾಗಿ ಮಗಳ ಮನೆಗೆ ಹೋದರು. ಹೋಗುವ ದಿನ ಊರಿನ ಹೆಂಗಸರು ಬಸ್ಸನ್ನು ಕಾಲು ತಾಸು ನಿಲ್ಲಿಸಿಬಿಟ್ಟರು. ನನ್ನ ಮಗಳ ಗಲ್ಲ ಸವರಿ ಅವರು, “ಭಾಳ ದೊಡ್ಡಾಕಿ ಆಗೀ ನೋಡು,” ಅಂದರು. ನನ್ನನ್ನು ನೋಡಿ ನಕ್ಕರು. ಆ ನಗೆಯಲ್ಲಿ ಏನೋ ಕೇಳುತ್ತಿದ್ದಾರೆ ಎಂದು ನನಗನಿಸಿತು. ಅದು ನನ್ನ ಕಲ್ಪನೆಯೂ ಇರಬಹುದು. ಎರಡು ವರ್ಷಕ್ಕೆ ಮೂತ್ರಪಿಂಡದ ತೊಂದರೆ ಶುರುವಾಗಿ, ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಸುದ್ದಿ ತಿಳಿದಾಗ ಅಂತ್ಯಕ್ರಿಯೆ ಮುಗಿದಿತ್ತು. ವಾರದ ಮೇಲೆ ವಿಜಯಪುರದಲ್ಲಿ ಅವರ ಮಗಳು ನೆನಪಿನ ಸಭೆ ಇಟ್ಟುಕೊಂಡಳು.

ಕಾಖಂಡಕಿಯಿಂದ ಹೆಂಗಸರೇ ಹೆಚ್ಚು ಬಂದಿದ್ದರು. ಬುದ್ಧನ ಮೂರ್ತಿಯ ಪಕ್ಕ ಅವರ ಫೋಟೋ, ಮುಂದೆ ಬಿಳಿ ಹೂ. ಚಹಾದಂಗಡಿಯವನ ಹೆಂಡತಿ ನನ್ನನ್ನು ಕಂಡು ಬಂದು ನಾನಿದ್ದ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಳು. “ಈಕಿ ಮಾತ ನಾವು ಕೇಳಲಿಲ್ರಿ ಸರ್,” ಅಂದಳು. “ಆದ್ರ ನಮ್ಮವ್ರಿಗೆ ನಿಮ್ಮ ಮಾತಂದ್ರ ಮಾತು. ನೀವೂ ಆವಾಗ ಚುಚ್ಚಿಸ್ಕೊಂಡಿದ್ದಿಲ್ಲ, ನಿಮಗ ದೇವ್ರು ಕಾದ. ನಮಗ ಕಾಯಲಿಲ್ಲ. ಯಾರಿಗೆ ಏನ ಅನ್ನೂದೈತಿ?”

ಅವಳು ಅದನ್ನು ನನ್ನ ಮೇಲಿನ ಪ್ರೀತಿಯಿಂದಲೇ ಅಂದಳು. ಬೆಂಚಿನ ಮೇಲೆ ಅವತ್ತು ಬೇರೆ ಯಾರೂ ಇರಲಿಲ್ಲ.

“ನಾ ಚುಚ್ಚಿಸ್ಕೊಂಡಿದ್ದೆನವ್ವಾ,” ಅಂದೆ.

“ಯಾವಾಗ?”

“ನಿಮ್ಮ ಮನಿ ಮುಂದ ಗದ್ದಲ ಆತಲ್ಲ, ಅದರ ಹಿಂದಿನ ದಿನ. ಇಲ್ಲೇ, ವಿಜಯಪುರದಾಗ.”

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. “ಯಾರು ಚುಚ್ಚಿದ್ರು?”

ನಾನು ಫೋಟೋದ ಕಡೆ ನೋಡಿದೆ.

“ಈಕಿ?” ಅವಳ ದನಿ ಒಡೆಯಿತು. “ಈಕಿಗೆ ಗೊತ್ತಿತ್ತ? ಗೊತ್ತಿದ್ದೂ ನಮ್ಮ ಬಾಗಲಾಗ ಅಷ್ಟ ಬೈಸ್ಕೊಂಡ ಹೋದ್ಲ?”

ಅವಳು ಎದ್ದು ಹೋಗಿ ಫೋಟೋದ ಮುಂದೆ ಕುಸಿದು ಕೂತಳು. ಅವತ್ತು ಅವಳು ಗಟ್ಟಿಯಾಗಿ ಅತ್ತಳು. ಗಂಡನಿಗಾಗಿ ಅತ್ತಳೋ, ನರ್ಸಬಾಯಿಗಾಗಿ ಅತ್ತಳೋ, ಇಬ್ಬರಿಗೂ ಸೇರಿಯೋ. ಉಳಿದ ಹೆಂಗಸರು ಸುತ್ತ ಸೇರಿದರು. ಒಬ್ಬಳು ತಿರುಗಿ ನನ್ನನ್ನು ನೋಡಿದಳು, ಆಮೇಲೆ ಇನ್ನೊಬ್ಬಳು.

ಸಂಜೆ ಊರಿಗೆ ಹೋಗುವ ಬಸ್ಸು ಒಂದೇ. ನಾನು ಹತ್ತಿದಾಗ ಅವರೆಲ್ಲ ಮುಂದೆ ಕೂತಿದ್ದರು. ನಾನು ಹಿಂದೆ ಕಿಟಕಿಯ ಬಳಿ ಕೂತೆ. ಚಹಾದಂಗಡಿಯವನ ಹೆಂಡತಿ ಕೊನೆಗೆ ಹತ್ತಿದಳು. ಅಷ್ಟರಲ್ಲಿ ಸೀಟುಗಳೆಲ್ಲ ತುಂಬಿ, ಖಾಲಿ ಉಳಿದಿದ್ದುದು ನನ್ನ ಪಕ್ಕದ್ದೊಂದೇ. ಕಂಡಕ್ಟರು ಅದನ್ನು ತೋರಿಸಿ, “ಅಲ್ಲೆ ಐತಲ್ಲ, ಕುಂದ್ರ್ ಬೇ,” ಅಂದ. ಅವಳು ತಲೆಯಾಡಿಸಿದಳು. ಮೇಲಿನ ಸರಳು ಹಿಡಿದುಕೊಂಡು, ಕಾಖಂಡಕಿ ಬರುವವರೆಗೂ ನಿಂತೇ ಬಂದಳು.